ಕೆಮಿಕಲ್ ಸೋರಿದರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಆಮೇಲೆ ಏನು ಬರೆದುಕೊಡಬೇಕು

ಮೊದಲು ನಾವೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ನೋಡಿಕೊಳ್ಳುತ್ತಿದ್ದೆ. ಕಬ್ಬಿಣದ ತುಕ್ಕು ತೆಗೆಯೋಕೆ ಹೈಡ್ರೋಕ್ಲೋರಿಕ್ ಆಸಿಡ್ ಬಳಸುವ ಜಾಗ. ಮಳೆಗಾಲದ ಒಂದು ರಾತ್ರಿ 1.40ಕ್ಕೆ, ಟ್ಯಾಂಕರ್‌ನಿಂದ ಆಸಿಡ್ ಇಳಿಸುವಾಗ ಹೋಸ್ ಪೈಪಿನ ಜಾಯಿಂಟ್ ಬಿಟ್ಟುಕೊಂಡಿತು. ವಾಲ್ವ್ ಮುಚ್ಚುವಷ್ಟರಲ್ಲಿ ಸುಮಾರು 200 ಲೀಟರ್ ಹೋಗಿತ್ತು. ಅರ್ಧದಷ್ಟು, ಸೋರಿದ್ದನ್ನು ತಡೆಯೋಕೆ ಸುತ್ತ ಕಟ್ಟಿದ್ದ ಕಟ್ಟೆಯೊಳಗೇ ನಿಂತಿತು, ಉಳಿದದ್ದು ಗೇಟಿನ ಪಕ್ಕದ ಮಳೆನೀರಿನ ಚರಂಡಿಗೆ ಇಳಿಯಿತು. ಶಿಫ್ಟ್ ಇನ್‌ಚಾರ್ಜ್ ಹುಡುಗ ಗಾಬರಿಯಲ್ಲಿ ಫೈರ್ ಹೋಸ್ ಹಿಡಿದು ಎಲ್ಲವನ್ನೂ ತೊಳೆದುಬಿಟ್ಟ. ಅಂದರೆ ಚರಂಡಿಯಲ್ಲಿ ನಿಧಾನಕ್ಕೆ ಹರಿಯುತ್ತಿದ್ದ ಆಸಿಡ್ಡನ್ನು ಅವನೇ ಕೆರೆಯ ತನಕ ಓಡಿಸಿದ ಹಾಗಾಯಿತು. ಮ್ಯಾನೇಜರಿಗೆ ಫೋನ್ ಮಾಡಿದರೆ, "ಈಗ ಯಾರನ್ನ ಎಬ್ಬಿಸ್ತೀಯ, ಬೆಳಗ್ಗೆ ನೋಡೋಣ ಬಿಡು" ಎಂದರು.

ಬೆಳಗ್ಗೆ ಕೆರೆಯ ಪಕ್ಕದ ತೋಟದವರು ಸತ್ತ ಮೀನಿನ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದರು. ನಾವು ಮಾಲಿನ್ಯ ಮಂಡಳಿಗೆ ಫೋನ್ ಮಾಡಿದ್ದು 11.20ಕ್ಕೆ. ಅಷ್ಟರಲ್ಲಿ ಅವರು ದಾರಿಯಲ್ಲಿದ್ದರು.

ಬಂದ ಅಧಿಕಾರಿ ಮೊದಲು ಕೇಳಿದ್ದು ಎಷ್ಟು ಲೀಟರ್ ಹೋಯಿತು ಅಂತ ಅಲ್ಲ. ಲಾಗ್‌ಬುಕ್ ತರಿಸಿಕೊಂಡರು. "ನಿಮಗೆ ಗೊತ್ತಾಗಿದ್ದು ಎಷ್ಟು ಗಂಟೆಗೆ? ನಮಗೆ ಹೇಳಿದ್ದು ಎಷ್ಟು ಗಂಟೆಗೆ?" ಎಂದರು. 1.40, 11.20. ಎರಡು ಅಂಕಿಗೂ ಪೆನ್ನಿನಲ್ಲಿ ಗುಂಡಗೆ ಸುತ್ತು ಹಾಕಿದರು. ಅಲ್ಲಿಂದ ಮುಂದಕ್ಕೆ ನಾವು ಏನು ಹೇಳಿದರೂ ಆ ಎರಡು ಸುತ್ತುಗಳ ಮಧ್ಯೆಯೇ ಹೇಳಬೇಕಾಯಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಣ್ಣ ಕಾರ್ಖಾನೆ, ಐಸ್ ಪ್ಲಾಂಟ್, ಕೋಲ್ಡ್ ಸ್ಟೋರೇಜ್, ಪ್ಲೇಟಿಂಗ್ ಶಾಪ್, ಗೋಡೌನ್ ನಡೆಸುವವರಿಗೆ, ಅಲ್ಲಿ ರಾತ್ರಿ ಪಾಳಿ ನೋಡುವವರಿಗೆ, ಟ್ಯಾಂಕರ್ ಓಡಿಸುವವರಿಗೆ.

ಕಾನೂನಿನಲ್ಲಿರುವ ಪದ ಒಂದೇ: ತಕ್ಷಣ

ಭಾರತದಲ್ಲಿ ಇದಕ್ಕೆ ಒಂದೇ ಕಾನೂನು ಅಂತ ಇಲ್ಲ, ನಾಲ್ಕೈದು ಇವೆ. 1974ರ ಜಲ ಕಾಯ್ದೆಯ 31ನೇ ಕಲಂ, 1981ರ ವಾಯು ಕಾಯ್ದೆಯ 23ನೇ ಕಲಂ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ 9ನೇ ಕಲಂ, ಈ ಮೂರೂ ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು. ಅಪಘಾತದಿಂದಲೋ ಎಣಿಸದೇ ನಡೆದ ಯಾವುದೋ ಘಟನೆಯಿಂದಲೋ ವಿಷದ ವಸ್ತು ಹೊರಗೆ ಹೋದರೆ, ಆ ಜಾಗದ ಉಸ್ತುವಾರಿ ಹೊತ್ತವರು ತಕ್ಷಣ ತಿಳಿಸಬೇಕು. ಜಲ ಕಾಯ್ದೆಯಲ್ಲಿ ಹೊಳೆ, ಬಾವಿ, ಒಳಚರಂಡಿ ಅಷ್ಟೇ ಅಲ್ಲ, ನೆಲದ ಮೇಲೆ ಬಿದ್ದು ಅಲ್ಲಿಂದ ನೀರು ಕೆಡುವಂತಿದ್ದರೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ "ಚರಂಡಿಗೆ ಹೋಗಿಲ್ಲ ಸಾರ್, ಮಣ್ಣಿನ ಮೇಲೆ ಬಿತ್ತು ಅಷ್ಟೇ" ಅನ್ನೋ ಮಾತು ನಡೆಯುವುದಿಲ್ಲ.

ಇನ್ನೊಂದು ವಿಷಯ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಹೊರಗೆ ಹೋದ ಮೇಲೆ ಮಾತ್ರ ಹೇಳಬೇಕು ಅಂತ ಇಲ್ಲ, ಹೋಗಬಹುದು ಅನ್ನುವ ಭಯ ಇದ್ದರೂ ಹೇಳಬೇಕು. ಟ್ಯಾಂಕ್ ಬಿರುಕು ಬಿಟ್ಟಿದೆ, ಇನ್ನೂ ಕಟ್ಟೆಯೊಳಗೇ ಇದೆ, ಆದರೆ ಮಳೆ ಜೋರಾಗುತ್ತಿದೆ, ಕಟ್ಟೆ ತುಂಬುತ್ತಿದೆ. ಫೋನ್ ಮಾಡಬೇಕಾದ ಹೊತ್ತು ಅದೇ.

ಎರಡು 48 ಗಂಟೆಗಳ ಗೊಂದಲ

"ನಮಗೆ 48 ಗಂಟೆ ಟೈಮ್ ಇದೆಯಲ್ಲ" ಅನ್ನೋದು ನಾನು ಜಾಸ್ತಿ ಕೇಳಿರುವ ಮಾತು. ಬೇರೆ ಬೇರೆ ಕಡೆ ಇರುವ ಎರಡು 48 ಗಂಟೆಗಳನ್ನು ಜನ ಒಂದೇ ಮಾಡಿಕೊಂಡಿದ್ದಾರೆ.

ಒಂದು, 1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳದ್ದು. ಅದರ 5ನೇ ನಿಯಮದ ಪ್ರಕಾರ ದೊಡ್ಡ ಅಪಘಾತ ಆದರೆ 48 ಗಂಟೆಯೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕು. ಅದು ಕೊನೆಯ ಗಡುವು, ರಜೆ ಅಲ್ಲ. ಅದೇ ಸೋರಿಕೆಗೆ ಜಲ ಕಾಯ್ದೆ, ವಾಯು ಕಾಯ್ದೆಗಳೂ ಅನ್ವಯವಾಗುತ್ತವೆ, ಅಲ್ಲಿ ತಕ್ಷಣ ಅಂತಲೇ ಇದೆ.

ಇನ್ನೊಂದು 48 ಗಂಟೆ ಕಾರ್ಮಿಕ ಕಾನೂನಿನದು. ಕೆಲಸದ ಜಾಗದಲ್ಲಿ ಯಾರಾದರೂ ತೀರಿಕೊಂಡರೆ, ಅಥವಾ ಗಾಯವಾಗಿ 48 ಗಂಟೆ ಇಲ್ಲವೇ ಅದಕ್ಕಿಂತ ಹೆಚ್ಚು ಕಾಲ ಕೆಲಸಕ್ಕೆ ಬರೋಕೆ ಆಗದಿದ್ದರೆ, ನೋಟಿಸ್ ಕಳಿಸಬೇಕು. ಇಲ್ಲಿ 48 ಅನ್ನೋದು ಗಾಯದ ಅಳತೆ, ನಿಮಗೆ ಕೊಟ್ಟ ಸಮಯ ಅಲ್ಲ! ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಇದು 88ನೇ ಕಲಂ ಆಗಿತ್ತು. ಯಾರಿಗೂ ಗಾಯ ಆಗದಿದ್ದರೂ ತಿಳಿಸಬೇಕಾದ ಅಪಾಯಕಾರಿ ಘಟನೆಗಳಿಗೆ 88ಎ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆಯಲ್ಲಿ ಇವೇ 10 ಮತ್ತು 11ನೇ ಕಲಂ ಆಗಿವೆ. ಯಾವ ಫಾರಂ, ಎಷ್ಟು ಗಂಟೆಯೊಳಗೆ ಅನ್ನೋದನ್ನು ನಿಯಮಗಳು ಹೇಳುತ್ತವೆ. ಈಗ ಚಾಲ್ತಿಯಲ್ಲಿರುವ ಫಾರಂ ಯಾವುದು ಅಂತ ನಿಮ್ಮ ವ್ಯಾಪ್ತಿಯ ಕಾರ್ಖಾನೆ ಇಲಾಖೆಯ ಆಫೀಸಿನಲ್ಲಿ ಇವತ್ತೇ ಕೇಳಿ ಇಟ್ಟುಕೊಳ್ಳಿ, ಸೋರಿದ ರಾತ್ರಿ ಹುಡುಕುವ ಕೆಲಸ ಅಲ್ಲ ಅದು.

ದೊಡ್ಡ ಅಪಘಾತ ಅಂದರೆ ಭೋಪಾಲ್ ಥರದ್ದು ಅಂದುಕೊಳ್ಳಬೇಡಿ. ನಿಯಮದ ವ್ಯಾಖ್ಯೆ ಬಹಳ ಅಗಲವಾಗಿದೆ. ಒಳಗೋ ಹೊರಗೋ ಒಂದು ಸಾವು, ಒಳಗೆ ಹತ್ತು ಜನರಿಗೆ ಗಾಯ, ಗೇಟಿನ ಹೊರಗೆ ಒಬ್ಬರಿಗೇ ಒಬ್ಬರಿಗೆ ಗಾಯ ಆದರೂ ಸಾಕು. ವಿಷಾನಿಲ ಸೋರಿ, ಬೆಂಕಿ ಬಿದ್ದು, ಸ್ಫೋಟ ಆಗಿ ಅಥವಾ ಕೆಮಿಕಲ್ ಚೆಲ್ಲಿ ತುರ್ತು ಪರಿಸ್ಥಿತಿ ಬಂದರೂ, ಯಂತ್ರ ಹಾಳಾಗಿ ಪ್ರೊಸೆಸ್ ನಿಂತರೂ, ಪರಿಸರಕ್ಕೆ ಹಾನಿ ಆದರೂ ಅದರೊಳಗೇ ಬರುತ್ತದೆ. ಐಸ್ ಪ್ಲಾಂಟಿನ ಅಮೋನಿಯಾ ಪಕ್ಕದ ರಸ್ತೆಗೆ ಹೋಗಿ ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ಆಸ್ಪತ್ರೆ ಸೇರಿದರು ಅಂದುಕೊಳ್ಳಿ. ಅಷ್ಟಕ್ಕೇ ಮುಗಿಯಿತು, ನೀವು ಈ ವ್ಯಾಖ್ಯೆಯೊಳಗೆ ಬಂದಿರಿ.

ಎಷ್ಟು ಕಿಲೋ ಸೋರಿದರೆ ಹೇಳಬೇಕು?

ಇದನ್ನು ಅಂತರ್ಜಾಲದಲ್ಲಿ ಹುಡುಕಿದವರಿಗೆ ಸಿಗುವುದು ಅಮೆರಿಕದ ಪಟ್ಟಿ. ಅಲ್ಲಿ ಪ್ರತಿ ಕೆಮಿಕಲ್‌ಗೂ ಒಂದು ತೂಕ ಗೊತ್ತುಮಾಡಿದ್ದಾರೆ. ಅಮೋನಿಯಾ 100 ಪೌಂಡ್, ಅಂದರೆ ಸುಮಾರು 45 ಕಿಲೋ. ಕ್ಲೋರಿನ್ 10 ಪೌಂಡ್, ಸುಮಾರು ನಾಲ್ಕೂವರೆ ಕಿಲೋ. 24 ಗಂಟೆಯ ಅವಧಿಯಲ್ಲಿ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಹೊರಗೆ ಹೋದರೆ ಅವರ ರಾಷ್ಟ್ರೀಯ ಕೇಂದ್ರಕ್ಕೆ ಫೋನ್ ಮಾಡಬೇಕು. ವಿದೇಶಿ ಗಿರಾಕಿಗಳಿಗೆ ಮಾಲು ಮಾಡಿಕೊಡುವ ನಮ್ಮ ಕಂಪನಿಗಳ ಸೇಫ್ಟಿ ಮ್ಯಾನ್ಯುಯಲ್‌ಗಳಲ್ಲಿ ಈ ಪಟ್ಟಿಯನ್ನೇ ಹಾಗೇ ಅಂಟಿಸಿರೋದನ್ನು ನೋಡಿದ್ದೇನೆ. ಅದನ್ನು ನೋಡಿ "40 ಕಿಲೋ ತಾನೇ, ಹೇಳೋದು ಬೇಡ" ಅಂತ ಕೂತವರೂ ಇದ್ದಾರೆ.

ನಮ್ಮ ಜಲ ಕಾಯ್ದೆಯ 31, ವಾಯು ಕಾಯ್ದೆಯ 23, ಪರಿಸರ ಕಾಯ್ದೆಯ 9, ಇವುಗಳಲ್ಲಿ ಕಿಲೋ ಲೆಕ್ಕವೇ ಇಲ್ಲ. ಗಾಳಿಗೆ ನಿಗದಿಯಾದ ಮಿತಿ ಮೀರಿದೆಯಾ, ನೀರು ಕೆಡುತ್ತದೆಯಾ ಅಷ್ಟೇ ನೋಡುವುದು. 1989ರ ನಿಯಮಗಳಲ್ಲಿ ಟನ್ ಲೆಕ್ಕದ ಪಟ್ಟಿಗಳಿರುವುದು ನಿಜ. ಆದರೆ ಸೇಫ್ಟಿ ರಿಪೋರ್ಟ್‌ನಂಥ ದೊಡ್ಡ ಹೊಣೆಗಳು ಯಾವ ಘಟಕದ ಮೇಲೆ ಬೀಳುತ್ತವೆ ಅಂತ ತೀರ್ಮಾನಿಸೋಕೆ ಇರುವ ಪಟ್ಟಿಗಳು ಅವು. ಅದನ್ನು ಓದಿ ಜಲ ಕಾಯ್ದೆಯ ಫೋನನ್ನೂ ಮಾಡದೆ ಕೂರಬೇಡಿ. ನನ್ನ ಲೆಕ್ಕ ಸರಳ. ಕೆಮಿಕಲ್ ಅದು ಇರಬೇಕಾದ ಪಾತ್ರೆ, ಪೈಪು, ಕಟ್ಟೆಗಳನ್ನು ದಾಟಿತಾ? ಕಾಂಪೌಂಡ್ ದಾಟಬಹುದು ಅನ್ನಿಸುತ್ತಿದೆಯಾ? ಹೌದಾದರೆ ಫೋನ್. ಜಾಸ್ತಿ ಹೇಳಿ ಕೆಟ್ಟವರನ್ನು ನಾನು ಕಂಡಿಲ್ಲ.

ಫೋನ್ ಯಾರಿಗೆ, ಯಾವ ಕ್ರಮದಲ್ಲಿ

ಮೊದಲು 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದು ನಡೆಯುತ್ತದೆ. ಅಗ್ನಿಶಾಮಕಕ್ಕೆ ನೇರವಾಗಿ 101 ಕೂಡ ಇದೆ. ಎಲ್‌ಪಿಜಿ ಸೋರಿಕೆಯಾದರೆ 1906. ಇದು ಕಾನೂನಿಗೋಸ್ಕರ ಅಲ್ಲ, ಜೀವಕ್ಕೋಸ್ಕರ.

ಆಮೇಲೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಪ್ರಾದೇಶಿಕ ಅಧಿಕಾರಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪರಿಸರ ಭವನ ಮುಖ್ಯ ಕಚೇರಿ, ಅಲ್ಲಿಗೆ ಮೇಲ್ ಹಾಕಿ ಸುಮ್ನೆ ಕೂತರೆ ಪ್ರಯೋಜನ ಇಲ್ಲ. ಮಂಡಳಿ ನಿಮಗೆ ಕೊಟ್ಟ ಕನ್ಸೆಂಟ್ (ಅನುಮತಿ) ಪತ್ರದಲ್ಲಿ ಯಾವ ಪ್ರಾದೇಶಿಕ ಕಚೇರಿ ಅಂತ ಇದೆಯೋ ಅವರಿಗೇ ಹೇಳಬೇಕು. ನಂತರ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯ ಅಧಿಕಾರಿ. ಹೊರಗಿನ ಜನರಿಗೆ ತೊಂದರೆ ಆಗುವಂತಿದ್ದರೆ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ಕಂಟ್ರೋಲ್ ರೂಮ್, ಬಹಳ ಜಿಲ್ಲೆಗಳಲ್ಲಿ ಅದರ ನಂಬರ್ 1077. ಪೆಟ್ರೋಲ್, ಡೀಸೆಲ್, ಗ್ಯಾಸ್ ಸಿಲಿಂಡರ್, ಒತ್ತಡದ ಟ್ಯಾಂಕ್‌ಗಳ ಅಪಘಾತವಾದರೆ ಪೆಸೋ ಅಂತ ಕರೆಯುವ ಸ್ಫೋಟಕ ಸುರಕ್ಷತಾ ಸಂಸ್ಥೆಗೂ, ಹತ್ತಿರದ ಠಾಣೆಗೂ ತಿಳಿಸಬೇಕು. ಪೆಟ್ರೋಲಿಯಂ ಅಪಘಾತದಲ್ಲಿ ಇನ್ನೊಂದು ಷರತ್ತಿದೆ. ಜನರನ್ನು ಕಾಪಾಡೋಕೆ ಬೇಕಾದಷ್ಟು ಬಿಟ್ಟು, ಬಿದ್ದ ಅವಶೇಷವನ್ನು ಅವರು ನೋಡುವ ತನಕ ಅಥವಾ ಬೇಡ ಅನ್ನುವ ತನಕ ಮುಟ್ಟಬಾರದು. ಗುಜರಿಯವರನ್ನು ಕರೆಸಿ ಜಾಗ ಕ್ಲೀನ್ ಮಾಡಿಸಿದರೆ ಅದೇ ಒಂದು ಹೊಸ ತಲೆನೋವು.

ಫೋನಿನಲ್ಲಿ ಏನು ಹೇಳಬೇಕು? ಗಾಬರಿಯಲ್ಲಿ ಜನ ಕಾರಣದಿಂದ ಶುರು ಮಾಡುತ್ತಾರೆ, "ಗ್ಯಾಸ್ಕೆಟ್ ಹಳೇದಾಗಿತ್ತು ಸಾರ್, ನಾವು ಇಂಡೆಂಟ್ ಹಾಕಿದ್ವಿ, ಸ್ಟೋರ್‌ನವರು ಕೊಡಲಿಲ್ಲ" ಅಂತ. ಅದು ಆಗ ಯಾರಿಗೂ ಬೇಡ. ನಮ್ಮ ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಆಮೇಲೆ ಒಂದು ಕಾಗದ ಅಂಟಿಸಿದೆವು. ಅದರಲ್ಲಿದ್ದದ್ದು ಇಷ್ಟೇ:

"ನಮಸ್ಕಾರ ಸರ್. ನಾನು ಇಂಥ ಕಾರ್ಖಾನೆಯಿಂದ ಮಾತಾಡುತ್ತಿದ್ದೇನೆ, ಇಂಥ ಇಂಡಸ್ಟ್ರಿಯಲ್ ಏರಿಯಾ, ಪ್ಲಾಟ್ ನಂಬರ್ ಇಷ್ಟು. ಹೈಡ್ರೋಕ್ಲೋರಿಕ್ ಆಸಿಡ್ ಸೋರಿದೆ. 1.40ಕ್ಕೆ ಗೊತ್ತಾಯಿತು. ಅಂದಾಜು 200 ಲೀಟರ್. ಸೋರುವುದು ನಿಂತಿದೆ (ಅಥವಾ ಇನ್ನೂ ನಿಂತಿಲ್ಲ). ಪೂರ್ವದ ಗೇಟಿನ ಚರಂಡಿಗೆ ಹೋಗಿದೆ, ಅದು ಕೆರೆಗೆ ಸೇರುತ್ತದೆ. ಗಾಳಿ ಊರಿನ ಕಡೆ ಬೀಸುತ್ತಿದೆ. ಇಬ್ಬರಿಗೆ ಕಣ್ಣುರಿ, ಆಸ್ಪತ್ರೆಗೆ ಕಳಿಸಿದ್ದೇವೆ. ಈಗ ಮರಳಿನ ಮೂಟೆ ಹಾಕಿ ಚರಂಡಿ ಕಟ್ಟುತ್ತಿದ್ದೇವೆ. ನನ್ನ ಹೆಸರು ಇದು, ಈ ನಂಬರಿನಲ್ಲಿ ಸಿಗುತ್ತೇನೆ."

ಒಂದು ನಿಮಿಷವೂ ಬೇಡ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಊಹೆ ಮಾಡಿ ಅಂಕಿ ಕೊಡಬೇಡಿ. ಫೋನ್ ಇಟ್ಟ ಕೂಡಲೇ ಎಷ್ಟು ಗಂಟೆಗೆ, ಯಾರ ಹತ್ತಿರ ಮಾತಾಡಿದಿರಿ ಅಂತ ಲಾಗ್‌ಬುಕ್‌ನಲ್ಲಿ ಬರೆಯಿರಿ. ಎತ್ತಲಿಲ್ಲವಾ? ಎತ್ತಲಿಲ್ಲ ಅಂತಲೇ ಸಮಯ ಹಾಕಿ ಬರೆದು, ಅದೇ ವಿಷಯವನ್ನು ಇಮೇಲ್ ಮಾಡಿ. ರಾತ್ರಿ 2 ಗಂಟೆಗೆ ಯಾರೂ ಎತ್ತದಿದ್ದರೂ 2.05ರ ಇಮೇಲ್ ಒಂದು ಇದ್ದರೆ, ಬೆಳಗ್ಗೆ ನೀವು ಮಾತಾಡುವ ಧಾಟಿಯೇ ಬೇರೆ ಇರುತ್ತದೆ.

ಇನ್ನೊಂದು ಮಾತು, ಕಾನೂನಿನದಲ್ಲ. ಚೆಲ್ಲಿದ ಆಸಿಡ್ಡನ್ನು ಚರಂಡಿಗೆ ತೊಳೆಯಬೇಡಿ, ತಡೆದು ನಿಲ್ಲಿಸಿ ಸುಣ್ಣವೋ ಸೋಡಾ ಆಶ್ ಪುಡಿಯೋ ಹಾಕಿ. ಸೋರುತ್ತಿರುವ ಕ್ಲೋರಿನ್ ಸಿಲಿಂಡರ್ ಮೇಲೆ ನೀರು ಹೊಡೆಯಬೇಡಿ, ತೂತು ಇನ್ನೂ ದೊಡ್ಡದಾಗುತ್ತದೆ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ಆದ್ದರಿಂದ ಗಾಳಿ ಬರುವ ದಿಕ್ಕಿಗೆ, ಎತ್ತರಕ್ಕೆ ಹೋಗಿ.

ಬರೆದುಕೊಡುವ ವರದಿ

1989ರ ನಿಯಮಗಳ 6ನೇ ಅನುಸೂಚಿಯಲ್ಲಿ ವರದಿಯ ನಮೂನೆ ಇದೆ. ಕಾರ್ಖಾನೆಯ ಹೆಸರು, ವಿಳಾಸ, ಲೈಸೆನ್ಸ್ ನಂಬರ್. ಆದದ್ದು ಸ್ಫೋಟವಾ, ಬೆಂಕಿಯಾ, ಸೋರಿಕೆಯಾ. ಯಾವ ವಸ್ತು. ದಿನ, ಶಿಫ್ಟ್, ಗಂಟೆ, ಯಾವ ವಿಭಾಗ. ತುರ್ತಾಗಿ ಏನು ಮಾಡಿದಿರಿ. ಒಳಗೆ ಎಷ್ಟು ಹಾನಿ, ಹೊರಗೆ ಎಷ್ಟು, ಅಪಾಯ ಇನ್ನೂ ಇದೆಯಾ. ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ.

ಇದರಲ್ಲಿ ನನಗೆ ಇಷ್ಟವಾದದ್ದು ಕಾರಣದ ಜಾಗ. ಅಲ್ಲಿ ಕಾರಣ ಗೊತ್ತಿದೆ, ಗೊತ್ತಿಲ್ಲ ಅಂತ ಎರಡೂ ಆಯ್ಕೆ ಇವೆ. ಗೊತ್ತಿಲ್ಲದಿದ್ದರೆ ಆಮೇಲೆ ಕೊಡಿ ಅನ್ನುತ್ತದೆ ನಮೂನೆ. ವರದಿಯನ್ನು ಕಂತು ಕಂತಾಗಿ ಕೊಡೋಕೂ ನಿಯಮವೇ ಅವಕಾಶ ಕೊಟ್ಟಿದೆ. ಹೀಗಿರುವಾಗ "ಕಾರಣ ಗೊತ್ತಾಗಲಿ, ಆಮೇಲೆ ಹೇಳೋಣ" ಅಂತ ಮೂರು ದಿನ ಮೀಟಿಂಗ್ ಮಾಡುವುದರಲ್ಲಿ ಅರ್ಥವೇ ಇಲ್ಲ. ನೀವು ಕೊಟ್ಟ ಮೇಲೆ ಪ್ರಾಧಿಕಾರದವರಿಗೂ ಗಡುವಿದೆ, ಅವರು ವಿಶ್ಲೇಷಣೆ ಮಾಡಿ 90 ದಿನದೊಳಗೆ ಕೇಂದ್ರದ ಪರಿಸರ ಸಚಿವಾಲಯಕ್ಕೆ ಮಾಹಿತಿ ಕಳಿಸಬೇಕು.

ಚೆಲ್ಲಿದ್ದು ಕಚ್ಚಾ ಮಾಲಲ್ಲ, ಅಪಾಯಕಾರಿ ತ್ಯಾಜ್ಯ (ಬಳಸಿದ ಆಸಿಡ್, ಸ್ಲಡ್ಜ್, ಹಳೇ ಎಣ್ಣೆ) ಅಂದರೆ 2016ರ ತ್ಯಾಜ್ಯ ನಿಯಮಗಳ 22ನೇ ನಿಯಮ. ಫೋನ್ ಮತ್ತು ಇಮೇಲ್ ಮೂಲಕ ಕೂಡಲೇ ಮಂಡಳಿಗೆ ತಿಳಿಸಿ, ಆಮೇಲೆ ಫಾರಂ 11 ಕೊಡಬೇಕು. ಸಾಗಿಸುವಾಗ ದಾರಿಯಲ್ಲಿ ಚೆಲ್ಲಿದರೆ ಲಾರಿಯವರಿಗೂ ಈ ಹೊಣೆ ಇದೆ.

ಟ್ಯಾಂಕರ್ ಬಿದ್ದರೆ

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ ಹೊತ್ತಿಕೊಂಡ ಗ್ಯಾಸ್ ಟ್ಯಾಂಕರ್ ಹೊರಟದ್ದು ಮಂಗಳೂರಿನಿಂದ. ಮರುವರ್ಷ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಇನ್ನೊಂದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 136ರ ಪ್ರಕಾರ ಡ್ರೈವರ್ ತಕ್ಷಣ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು, ಜೊತೆಗೆ ಗಾಡಿಯ ಮಾಲೀಕರಿಗೂ ಇಲ್ಲವೇ ಟ್ರಾನ್ಸ್‌ಪೋರ್ಟ್‌ನವರಿಗೂ. ನಾನು ನೋಡಿದ ಹಾಗೆ ಡ್ರೈವರ್‌ಗಳು ಮೊದಲು ಓನರಿಗೆ ಫೋನ್ ಮಾಡುತ್ತಾರೆ, ಓನರ್ "ತಡಿ, ನೋಡ್ತೀನಿ" ಅನ್ನುತ್ತಾನೆ, ಅರ್ಧ ಗಂಟೆ ಹೋಗುತ್ತದೆ. ಕ್ರಮ ತಲೆಕೆಳಗಾಗಬಾರದು. ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ (ಗಾಡಿಯಲ್ಲಿರುವ ಕೆಮಿಕಲ್ ಯಾವುದು, ಅಪಘಾತವಾದರೆ ಏನು ಮಾಡಬೇಕು ಅಂತ ಬರೆದಿರುವ ಕಾರ್ಡ್) ಇರಲೇಬೇಕು, ಇಳಿದು ಓಡುವಾಗ ಅದನ್ನು ಕೈಯಲ್ಲಿ ಹಿಡಿದುಕೊಂಡು ಓಡಿ.

ದಾರಿಹೋಕರು ನೀವಾಗಿದ್ದರೆ, ಟ್ಯಾಂಕರ್‌ನ ಫಲಕದಲ್ಲಿರುವ ನಾಲ್ಕು ಅಂಕಿಯ ನಂಬರನ್ನು ದೂರದಿಂದಲೇ ಓದಿ 112ಕ್ಕೆ ಹೇಳಿ. 1075 ಅಂದರೆ ಎಲ್‌ಪಿಜಿ, 1203 ಪೆಟ್ರೋಲ್, 1005 ಅಮೋನಿಯಾ, 1017 ಕ್ಲೋರಿನ್, 1789 ಹೈಡ್ರೋಕ್ಲೋರಿಕ್ ಆಸಿಡ್. ಬರುವ ಅಗ್ನಿಶಾಮಕದವರಿಗೆ ಆ ನಾಲ್ಕು ಅಂಕಿಯೇ ಅರ್ಧ ಕೆಲಸ. ಓದೋಕೆ ಅಂತ ಹತ್ತಿರ ಹೋಗಬೇಡಿ, ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿ ನೋಡಿದರೂ ಆಯಿತು. ಗ್ಯಾಸ್ ಆದರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಕೊಡ ಹಿಡಿದು ಪೆಟ್ರೋಲ್ ತುಂಬೋಕಂತೂ ಹೋಗಲೇಬೇಡಿ.

ಪಕ್ಕದ ಊರಿನವರಿಗೆ ಹೇಳುವುದು

ಸರ್ಕಾರಿ ಆಫೀಸುಗಳಿಗೆಲ್ಲ ಹೇಳಿ, ಗೋಡೆಯ ಆಚೆ ಮಲಗಿರುವವರಿಗೆ ಹೇಳದೆ ಇರುವುದನ್ನು ವಿಶಾಖಪಟ್ಟಣದಲ್ಲಿ ನೋಡಿದೆವು. 2020ರ ಮೇ 7ರ ಬೆಳಗಿನ ಜಾವ ಎಲ್‌ಜಿ ಪಾಲಿಮರ್ಸ್‌ನಲ್ಲಿ ಸ್ಟೈರೀನ್ ಅನ್ನೋ ವಿಷದ ಆವಿ ಸೋರಿದಾಗ ಸೈರನ್ ಕೂಗಲಿಲ್ಲ ಅಂತ ಸರ್ಕಾರ ನೇಮಿಸಿದ ಉನ್ನತ ಸಮಿತಿಯೇ ಹೇಳಿತು. ಸೈರನ್ ಇರಲಿಲ್ಲ ಅಂತಲ್ಲ, ಯಾರೂ ಒತ್ತಲಿಲ್ಲ.

1989ರ ನಿಯಮಗಳ 15ರ ಪ್ರಕಾರ ದೊಡ್ಡ ಅಪಘಾತವಾದರೆ ತೊಂದರೆಗೆ ಸಿಕ್ಕುವ ಜನರಿಗೆ ಅಪಾಯ ಯಾವ ಥರದ್ದು, ಆಗ ಏನು ಮಾಡಬೇಕು ಅನ್ನೋದನ್ನು ಮೊದಲೇ ತಿಳಿಸಿರಬೇಕು. ಈ ನಿಯಮಗಳಡಿ ಆನ್‌ಸೈಟ್ ಪ್ಲಾನ್ (ಕಾರ್ಖಾನೆಯೊಳಗಿನ ತುರ್ತು ಯೋಜನೆ) ಇರಬೇಕಾದ ಘಟಕಗಳು ಆರು ತಿಂಗಳಿಗೊಮ್ಮೆ ಮಾಕ್ ಡ್ರಿಲ್ ಮಾಡಬೇಕು. 1996ರ ರಾಸಾಯನಿಕ ಅಪಘಾತ ನಿಯಮಗಳಡಿ ರಾಜ್ಯ, ಜಿಲ್ಲೆ ಮತ್ತು ಸ್ಥಳೀಯ ಮಟ್ಟದಲ್ಲಿ ಇಂಥ ಅಪಘಾತ ನಿಭಾಯಿಸುವ ಕ್ರೈಸಿಸ್ ಗ್ರೂಪ್‌ಗಳಿವೆ. ಜಿಲ್ಲೆಯದು 45 ದಿನಕ್ಕೊಮ್ಮೆ, ಸ್ಥಳೀಯದು ತಿಂಗಳಿಗೊಮ್ಮೆ ಸೇರಬೇಕು. ನೀವು ಕಾರ್ಖಾನೆ ಪಕ್ಕದ ಊರಿನವರಾದರೆ ನಿಮ್ಮ ಕಡೆ ಕೊನೆಯ ಸಭೆ ಯಾವತ್ತು ಆಯಿತು ಅಂತ ಕೇಳಿ ನೋಡಿ. ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಹಾನಿಯಾದರೆ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಡಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು. ಕಾರ್ಖಾನೆಯವರ ತಪ್ಪು ಅಂತ ನೀವು ಸಾಬೀತು ಮಾಡಬೇಕಾಗಿಲ್ಲ. ಅಪಘಾತವಾಗಿ ಐದು ವರ್ಷದೊಳಗೆ ಹಾಕಬೇಕು ಅಷ್ಟೇ.

ಹೇಳಿದರೆ ಕೇಸ್ ಹಾಕುತ್ತಾರಲ್ಲ?

ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಂಡು ಕೇಳದೇ ಇರುವ ಪ್ರಶ್ನೆ ಇದು. ಹೌದು, ಹೇಳಿದ ಮಾತ್ರಕ್ಕೆ ಬಿಟ್ಟುಬಿಡುತ್ತಾರೆ ಅಂತ ನಾನು ಹೇಳಲಾರೆ. ನೋಟಿಸ್ ಬರುತ್ತದೆ, ಸ್ಯಾಂಪಲ್ ತೆಗೆಯುತ್ತಾರೆ, ಕ್ಲೀನ್ ಮಾಡಿಸಿದ ಖರ್ಚು ನಿಮ್ಮಿಂದಲೇ ವಸೂಲಾಗಬಹುದು. ಅಪಾಯಕಾರಿ ವಸ್ತು ಇಟ್ಟುಕೊಂಡವರೇ ಹಾನಿಗೆ ಪೂರ್ತಿ ಹೊಣೆ ಅಂತ ಸುಪ್ರೀಂ ಕೋರ್ಟ್ 1985ರ ದೆಹಲಿ ಓಲಿಯಂ (ಒಂದು ಥರದ ಸಲ್ಫ್ಯೂರಿಕ್ ಆಸಿಡ್) ಸೋರಿಕೆಯ ಪ್ರಕರಣದಲ್ಲೇ ಹೇಳಿಬಿಟ್ಟಿದೆ. ಪರಿಸರ ಕಾಯ್ದೆ ಮುರಿದರೆ 2024ರ ಏಪ್ರಿಲ್‌ನಿಂದ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಅಂತ ಬದಲಾಗಿದೆ. ಆದರೆ ಸೋರಿದ್ದು ಒಂದು ವಿಷಯ, ಮುಚ್ಚಿಟ್ಟದ್ದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿಯೇ ಕೇಳುತ್ತಾರೆ, ಮತ್ತು ಎರಡನೆಯದಕ್ಕೆ ನಮ್ಮ ಹತ್ತಿರ ಆವತ್ತು ಉತ್ತರ ಇರಲಿಲ್ಲ.

ಕೊನೆಗೆ ಸಣ್ಣ ಕೆಲಸ ಒಂದು. ನಂಬರುಗಳ ಪಟ್ಟಿ ಸೇಫ್ಟಿ ಆಫೀಸರ್ ಕಂಪ್ಯೂಟರಿನಲ್ಲಿದ್ದರೆ ಆಗದು, ರಾತ್ರಿ ಆ ರೂಮಿಗೆ ಬೀಗ ಇರುತ್ತದೆ. ಸೆಕ್ಯುರಿಟಿ ಕ್ಯಾಬಿನ್ ಮತ್ತು ಕಂಟ್ರೋಲ್ ಪ್ಯಾನಲ್ ಪಕ್ಕ ಕನ್ನಡದಲ್ಲಿ, ಹಿಂದಿ ಓದುವ ಹುಡುಗರಿದ್ದರೆ ಹಿಂದಿಯಲ್ಲೂ, ದಪ್ಪ ಅಕ್ಷರದಲ್ಲಿ ಅಂಟಿಸಿ. ಮ್ಯಾನೇಜರ್ ಒಪ್ಪಿಗೆ ಇಲ್ಲದೆಯೂ ಶಿಫ್ಟ್ ಇನ್‌ಚಾರ್ಜ್ ಫೋನ್ ಮಾಡಬಹುದು ಅಂತ ಅದರ ಕೆಳಗೆ ಯಜಮಾನರ ಸಹಿ ಹಾಕಿಸಿ. ಮೂರು ತಿಂಗಳಿಗೊಮ್ಮೆ ಪ್ರತಿ ನಂಬರಿಗೂ ಹಗಲು ಹೊತ್ತಿನಲ್ಲಿ ಒಂದು ಸಲ ರಿಂಗ್ ಮಾಡಿ ನೋಡಿ, 112, 101 ಥರದ ತುರ್ತು ನಂಬರುಗಳನ್ನು ಬಿಟ್ಟು. ಅಧಿಕಾರಿಗಳಿಗೆ ವರ್ಗ ಆಗುತ್ತಲೇ ಇರುತ್ತದೆ. ನಮ್ಮ ಹಳೇ ಪಟ್ಟಿಯಲ್ಲಿದ್ದ ಒಂದು ನಂಬರಿಗೆ ಹೀಗೇ ಫೋನ್ ಮಾಡಿದಾಗ ಎತ್ತಿದವರು, "ನಾನು ರಿಟೈರ್ ಆಗಿ ಎರಡು ವರ್ಷ ಆಯ್ತಪ್ಪಾ" ಎಂದರು.